ಐದು ನಿಮಿಷದ ಸಿಹಿನೀರು

ಕಡಲ ಮೀನನ್ನು ಸಿಹಿನೀರಿಗೆ ಬಿಟ್ಟರೆ ಸಾಯುತ್ತದೆ ಎಂಬುದು ಗಂಗೊಳ್ಳಿಯಲ್ಲಿ ಹುಟ್ಟಿದ ಯಾವ ಮಗುವಿಗೂ ಗೊತ್ತು. ನನಗೂ ಗೊತ್ತಿತ್ತು. ಆದರೂ ಒಂದು ಜನವರಿಯ ರಾತ್ರಿ ಹತ್ತೂವರೆಗೆ ಠಾಣೆಯ ನಮ್ಮ ಫ್ಲ್ಯಾಟಿನ ಬಚ್ಚಲಲ್ಲಿ ನಲ್ಲಿ ತಿರುಗಿಸಿ, ಅರ್ಧ ಬಕೆಟ್ ನೀರು ಹಿಡಿದು, 2,200 ರೂಪಾಯಿ ಕೊಟ್ಟು ತಂದ ಬಟರ್‌ಫ್ಲೈ ಮೀನನ್ನು ಅದರೊಳಗೆ ಬಿಟ್ಟೆ. ಕೈಯಲ್ಲಿ ಮೊಬೈಲಿನ ಸ್ಟಾಪ್‌ವಾಚ್ ಇತ್ತು. ಐದು ನಿಮಿಷ ಎಂದು ಎಲ್ಲೋ ಓದಿದ್ದೆ. ಮೂರನೆಯ ನಿಮಿಷಕ್ಕೆ ಮೀನು ಕಿವಿರು ಆಡಿಸುವುದನ್ನು ನಿಲ್ಲಿಸಿತು. ನಾನು ನಾಲ್ಕನೆಯ ನಿಮಿಷದವರೆಗೂ ಕಾದೆ, ಯಾಕೆಂದರೆ ಲೆಕ್ಕ ಐದರದ್ದಾಗಿತ್ತು.

ಬಕೆಟ್ ನೀಲಿ ಬಣ್ಣದ್ದು. ನೀರು ಚೆಲ್ಲುವಾಗ ತಳದಲ್ಲಿ ಎಳ್ಳಿನ ಕಾಳಿನಂಥ ಏನೋ ಬೆಳ್ಳಗೆ ಕಂಡಿತು. ಎಂಟೋ ಒಂಬತ್ತೋ ಇದ್ದವು. ಅವೇ ಹುಳಗಳು, ಮೀನಿನ ಮೈಗಂಟಿಕೊಂಡಿದ್ದ ಫ್ಲೂಕ್‌ಗಳು. ಅವೂ ಸತ್ತಿದ್ದವು. ಅಂದರೆ ಔಷಧಿ ಕೆಲಸ ಮಾಡಿತ್ತು.

ಮೀನು ಸಾಕುವ ಹುಚ್ಚು ಹೇಗೆ ಹತ್ತಿತು ಎಂಬುದನ್ನು ಉದ್ದಕ್ಕೆ ಹೇಳುವುದಿಲ್ಲ. ಮುಂಬಯಿಯಲ್ಲಿ ಹನ್ನೆರಡು ವರ್ಷ ಲೋಕಲ್ ಟ್ರೇನಿನಲ್ಲಿ ನಿಂತು ಓಡಾಡಿದವನಿಗೆ, ಮನೆಗೆ ಬಂದಾಗ ಅಲುಗಾಡುವ ನೀರೊಂದು ಬೇಕೆನಿಸಿರಬೇಕು. 250 ಲೀಟರಿನ ಗಾಜಿನ ಟ್ಯಾಂಕು, ಒಂದಿಷ್ಟು ಕಲ್ಲು, ಪಂಪು, ದೀಪ. ಹವಳ ಇಟ್ಟಿಲ್ಲ. ಕಲ್ಲುಹವಳ ನಮ್ಮ ವನ್ಯಜೀವಿ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿದೆ, ಕಡಲಕುದುರೆಯೂ ಅಷ್ಟೇ. ಅಂಗಡಿಯಲ್ಲಿ ಯಾರು ಏನೇ ತೋರಿಸಿದರೂ ಆ ಕಡೆ ನೋಡುವುದಿಲ್ಲ. ಇಲ್ಲಿನ ಖಾಡಿಯ ನೀರನ್ನು ತಂದು ಸುರಿಯುವ ಹಾಗಿಲ್ಲ, ಅದರಲ್ಲಿ ಊರಿನ ಚರಂಡಿಯೆಲ್ಲ ಇರುತ್ತದೆ. ಹಾಗಾಗಿ ನೀರನ್ನು ನಾವೇ ಮಾಡಿಕೊಳ್ಳಬೇಕು. ಬಕೆಟ್ಟಿನಲ್ಲಿ ಬರುವ ಕೃತಕ ಸಮುದ್ರದುಪ್ಪನ್ನು ಆರ್‌ಒ ನೀರಿಗೆ ಹಾಕಿ ಕದಡುವುದು. ಟ್ಯಾಂಕು ಮೊದಲ ಸಲ ತುಂಬುವಾಗ ಏಳೆಂಟು ಕೆಜಿ ಬೇಕಾಯಿತು.

ಇದನ್ನು ನೋಡಿ ಅಮ್ಮ ನಕ್ಕಿದ್ದೇ ನಕ್ಕಿದ್ದು. "ಅಲ್ಲ ಮಗಾ, ಕಡ್ಲ್ ಬಿಟ್ ಬಂದ್ ಇಲ್ ಕಡ್ಲ್ ಮಾಡ್ತಿದ್ಯಾ? ಉಪ್ಪಿಗೆ ಎಷ್ಟ್ ಕೊಟ್ಟೆ?" ಎಷ್ಟು ಕೊಟ್ಟೆ ಅಂತ ನಾನು ಹೇಳಲಿಲ್ಲ. ಆದರೆ ಅಮ್ಮ ಠಾಣೆಗೆ ಬಂದದ್ದು ಆ ಬಟರ್‌ಫ್ಲೈ ಸತ್ತ ನಂತರ, ಬೇರೆ ಕಾರಣಕ್ಕೆ. ಅದನ್ನು ಆಮೇಲೆ ಹೇಳುತ್ತೇನೆ.

ಮೀನು ಸತ್ತ ಮುಂದಿನ ಭಾನುವಾರ ಕುರ್ಲಾದ ಮೀನು ಬಜಾರಿಗೆ ಹೋದೆ. ಭಾನುವಾರ ಬೆಳಗ್ಗೆ ಅಲ್ಲಿ ಪ್ಲಾಸ್ಟಿಕ್ ಚೀಲಗಳಲ್ಲಿ ಕಟ್ಟಿಟ್ಟ ಮೀನುಗಳ ನಡುವೆ, ಕೊಳ್ಳುವುದಕ್ಕಿಂತ ಹರಟುವುದಕ್ಕೇ ಬರುವವರು ಕೆಲವರಿರುತ್ತಾರೆ. ಅವರಲ್ಲೊಬ್ಬ ಹಿರಿಯರು, ಮೂವತ್ತು ವರ್ಷದಿಂದ ಕಡಲ ಮೀನು ಸಾಕುತ್ತಿರುವವರು, ನನ್ನ ಕಥೆ ಪೂರ್ತಿ ಕೇಳಿ ಬೈಯಲಿಲ್ಲ. ನಾಲ್ಕೇ ಪ್ರಶ್ನೆ ಕೇಳಿದರು. ಪಾನಿ ಕೌನ್‌ಸಾ ಥಾ? ಟೆಂಪರೇಚರ್ ಮಿಲಾಯಾ? ಪಿಎಚ್ ದೇಖಾ? ಹವಾ ಕಿತನೀ ದೇರ್ ಚಲಾಯಾ? ನಾಲ್ಕಕ್ಕೂ ನನ್ನಲ್ಲಿ ಉತ್ತರವಿರಲಿಲ್ಲ. ನಲ್ಲಿ ನೀರು, ಅದರಲ್ಲಿ ಕ್ಲೋರಿನ್. ಜನವರಿಯ ರಾತ್ರಿ, ಟೆರೇಸಿನ ಸಿಂಟೆಕ್ಸಿನಿಂದ ಇಳಿದು ಬಂದ ತಣ್ಣನೆಯ ನೀರು. ನನ್ನ ಟ್ಯಾಂಕಿನದ್ದು 26 ಡಿಗ್ರಿ. ಪಿಎಚ್ ಅಳೆದಿರಲಿಲ್ಲ. ಗಾಳಿ ಹಾಯಿಸುವುದಂತೂ ತಲೆಗೇ ಬಂದಿರಲಿಲ್ಲ. "ಸಿರ್ಫ್ ನಮಕ್ ಬದಲ್ನಾ ಹೈ ಭಾಯಿ, ಬಾಕೀ ಕುಛ್ ನಹೀ" ಅಂದರು. ಬದಲಾಗಬೇಕಾದ್ದು ಉಪ್ಪು ಮಾತ್ರ. ನಾನು ಒಂದೇ ಏಟಿಗೆ ಐದನ್ನು ಬದಲಾಯಿಸಿದ್ದೆ.

ಇಷ್ಟಕ್ಕೂ ಈ ಚಿಕಿತ್ಸೆ ಹೇಗೆ ಕೆಲಸ ಮಾಡುತ್ತದೆ? ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿನಂಶ ಇರುತ್ತದೆ. ಅದರೊಳಗೆ ಬದುಕುವ ಮೀನಿನ ರಕ್ತದಲ್ಲಿ ಇರುವುದು ಹೆಚ್ಚುಕಡಿಮೆ ಅದರ ಮೂರನೇ ಒಂದು ಪಾಲು. ಹಾಗಾಗಿ ಕಡಲ ಮೀನಿನ ಮೈಯಿಂದ ನೀರು ಸದಾ ಹೊರಗೆ ಸೋರುತ್ತಲೇ ಇರುತ್ತದೆ. ನೀರಿನೊಳಗೇ ಇದ್ದರೂ ಅದಕ್ಕೆ ತೀರದ ಬಾಯಾರಿಕೆ. ಅದು ಸಮುದ್ರವನ್ನೇ ಕುಡಿಯುತ್ತದೆ, ಕುಡಿದದ್ದರ ಉಪ್ಪನ್ನು ಕಿವಿರುಗಳ ಮೂಲಕ ಹೊರಗೆ ತಳ್ಳುತ್ತದೆ. ಸಿಹಿನೀರಿಗೆ ಬಿಟ್ಟ ಕ್ಷಣ ಇದೆಲ್ಲ ತಲೆಕೆಳಗು. ಈಗ ನೀರು ಒಳಗೆ ನುಗ್ಗತೊಡಗುತ್ತದೆ. ಮೀನಿನ ದೇಹ ದೊಡ್ಡದು, ಚರ್ಮ, ಹುರುಪೆ, ಲೋಳೆ ಎಲ್ಲ ಇವೆ, ಮೂತ್ರಪಿಂಡ ಇದೆ. ಕೆಲವು ನಿಮಿಷ ತಡೆದುಕೊಳ್ಳುತ್ತದೆ. ಫ್ಲೂಕ್ ಎನ್ನುವುದು ಕೆಲವೇ ಮಿಲಿಮೀಟರ್ ಉದ್ದದ, ಕಾಗದದಂತೆ ಚಪ್ಪಟೆಯಾದ, ಪಾರದರ್ಶಕ ಹುಳ. ಮೀನಿನ ಮೈಮೇಲೆ ಇದ್ದಾಗ ಕಣ್ಣಿಗೇ ಕಾಣುವುದಿಲ್ಲ. ಸಿಹಿನೀರು ನುಗ್ಗಿದೊಡನೆ ಉಬ್ಬಿ, ಬೆಳ್ಳಗಾಗಿ, ಹಿಡಿತ ಬಿಟ್ಟು ಉದುರುತ್ತದೆ. ಮೀನಿಗೆ ಆಗುವುದೂ ಹುಳಕ್ಕೆ ಆಗುವುದೂ ಒಂದೇ. ಹುಳಕ್ಕೆ ಬೇಗ ಆಗುತ್ತದೆ ಅಷ್ಟೆ. ಆ ಎರಡರ ನಡುವಿನ ನಾಲ್ಕೈದು ನಿಮಿಷದ ಅಂತರದಲ್ಲೇ ಈ ಇಡೀ ಚಿಕಿತ್ಸೆ ನಿಂತಿದೆ.

ಆ ಸಣ್ಣ ಅಂತರವನ್ನು ನಾನು ತಣ್ಣೀರು, ಕ್ಲೋರಿನ್, ಹೊಂದದ ಪಿಎಚ್ ಎಲ್ಲ ಸೇರಿಸಿ ಮುಗಿಸಿಬಿಟ್ಟಿದ್ದೆ.

ಟ್ಯಾಂಕಿನಲ್ಲಿ ಇದ್ದದ್ದು ಅದೊಂದೇ ಮೀನು. ಆಮೇಲೆ ಸುಮಾರು ಎರಡು ತಿಂಗಳು ಮೀನಿಲ್ಲದೆ ಹಾಗೇ ಬಿಟ್ಟೆ. ಫ್ಲೂಕಿನ ಮೊಟ್ಟೆಗಳಿಗೆ ದಾರದಂಥ ಬಾಲವಿರುತ್ತದೆ, ಗಾಜಿಗೆ, ಬಲೆಗೆ, ಕಲ್ಲಿಗೆ ಸಿಕ್ಕಿಕೊಂಡು ಕೂರುತ್ತವೆ. ಒಡೆದು ಬಂದ ಮರಿಗೆ ಅಂಟಿಕೊಳ್ಳಲು ಮೀನೇ ಸಿಗದಿದ್ದರೆ ಸಾಯುತ್ತದೆ. ಖಾಲಿ ಟ್ಯಾಂಕಿಗೆ ದೀಪ ಹಾಕಿ ಕೂರುತ್ತಿದ್ದ ಆ ದಿನಗಳಲ್ಲಿ ಹೆಂಡತಿ ಒಂದು ಸಲ ಕೇಳಿದಳು, "ಇನ್ನೂ ಎಷ್ಟು ದಿನ ಶೋಕ?" ಶೋಕವಲ್ಲ, ಕ್ವಾರಂಟೈನು ಅಂದೆ. ಎರಡೂ ಇತ್ತು ಅನ್ನಿ.

ಈಗ ಅಮ್ಮನ ವಿಷಯ. ಅಮ್ಮನಿಗೆ 74. ಊರಿನಲ್ಲಿ ಒಬ್ಬಳೇ. ಬಿಪಿ ಇದೆ, ಅದಕ್ಕೆ ಮೂತ್ರ ಹೆಚ್ಚಿಸುವ ಮಾತ್ರೆ. ನಾನು ಇಲ್ಲಿಂದ ಪ್ರತಿ ಫೋನಿನಲ್ಲೂ ಹೇಳುತ್ತಿದ್ದ ಮಾತೊಂದೇ, ಉಪ್ಪು ಕಮ್ಮಿ ಮಾಡು. ದೂರ ಇರುವ ಮಕ್ಕಳು ಹೇಳಬಹುದಾದ ಅಗ್ಗದ ಮಾತು ಅದು. ಅಮ್ಮ ಅದನ್ನು ಅಕ್ಷರಶಃ ಪಾಲಿಸಿದಳು. ಗಂಜಿಗೆ ಉಪ್ಪು ಬಿಟ್ಟಳು, ಉಪ್ಪಿನಕಾಯಿ ಬಿಟ್ಟಳು, ಒಣಮೀನಂತೂ ಮನೆಗೇ ತರಿಸಲಿಲ್ಲ. ಆಷಾಢದಲ್ಲಿ ಎರಡು ದಿನ ವಾಂತಿಯಾಗಿದೆ, ಯಾರಿಗೂ ಹೇಳಿಲ್ಲ, ಬರೀ ಗಂಜಿತಿಳಿ ಕುಡಿದುಕೊಂಡು ಮಲಗಿದ್ದಾಳೆ. ಮೂರನೆಯ ದಿನ ಪಕ್ಕದ ಮನೆಯವರು ಫೋನ್ ಮಾಡಿದರು, "ನಿಮ್ಮಮ್ಮ ಮಾತಾಡುವುದು ಸರಿ ಇಲ್ಲ, ಬೇಗ ಬನ್ನಿ." ಮಂಗಳೂರಿಗೆ ವಿಮಾನ ಹಿಡಿದು ಹೋಗಿ ಮುಟ್ಟಿದಾಗ ಅಮ್ಮ ಆಸ್ಪತ್ರೆಯಲ್ಲಿದ್ದಳು. ನನ್ನನ್ನು ಸತ್ತುಹೋದ ಮಾವನ ಹೆಸರಿನಿಂದ ಕರೆದು, ದೋಣಿ ಕಟ್ಟಿ ಬಂದಿರಾ ಅಂತ ಕೇಳಿದಳು.

ರಕ್ತದ ಸೋಡಿಯಂ 114. ಇರಬೇಕಾದ್ದು 135ರಿಂದ 145. ಡಾಕ್ಟರು ಚಿಕ್ಕ ವಯಸ್ಸಿನವರು, ತಾಳ್ಮೆಯಿಂದ ವಿವರಿಸಿದರು. ರಕ್ತದಲ್ಲಿ ಉಪ್ಪು ಇಳಿದರೆ ನೀರು ಜೀವಕೋಶಗಳೊಳಗೆ ಹೋಗುತ್ತದೆ, ಮಿದುಳಿನ ಕೋಶಗಳು ಊದಿಕೊಳ್ಳುತ್ತವೆ, ಅದಕ್ಕೇ ಈ ಗಲಿಬಿಲಿ. ನಾನು ಕೇಳಿದೆ, ಹಾಗಾದರೆ ಬೇಗ ಉಪ್ಪಿನ ಡ್ರಿಪ್ ಕೊಟ್ಟು ಏರಿಸಬಾರದೇ? ಬೇಡ ಅಂದರು. ದಿನಕ್ಕೆ ಎಂಟರಷ್ಟು ಏರಿದರೆ ಸಾಕು. ಮಿದುಳು ಇಳಿದ ಉಪ್ಪಿಗೆ ನಿಧಾನವಾಗಿ ಹೊಂದಿಕೊಂಡಿರುತ್ತದೆ, ಈಗ ದಿಢೀರ್ ಏರಿಸಿದರೆ ನರಗಳ ಹೊದಿಕೆಗೇ ಪೆಟ್ಟು, ಆಮೇಲೆ ಸರಿಯಾಗದ ಹಾಗೆ. ಕೆಲವು ಗಂಟೆಗೊಮ್ಮೆ ರಕ್ತ ತೆಗೆದು ನೋಡುತ್ತಿದ್ದರು. 114, 117, 121. ನಾಲ್ಕನೆಯ ದಿನ ಅಮ್ಮ ನನ್ನ ಸರಿಯಾದ ಹೆಸರು ಕರೆದು, ಊಟ ಆಯಿತಾ ಅಂತ ಕೇಳಿದಳು. ಆ ಆಸ್ಪತ್ರೆಯ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ನನಗೆ ನೆನಪಾದದ್ದು ನೀಲಿ ಬಕೆಟ್ಟಿನ ತಳದ ಬಿಳಿ ಹುಳಗಳು. ಹೆತ್ತವಳನ್ನು ಹುಳಕ್ಕೆ ಹೋಲಿಸಿದೆ ಅಂತ ಯಾರೂ ತಪ್ಪು ತಿಳಿಯಬೇಡಿ. ಆ ಹೊತ್ತಿಗೆ ನೆನಪಾದದ್ದು ಅದೇ.

ಡಾಕ್ಟರು ಮಾತ್ರೆ ಬದಲಿಸಿದರು. ಉಪ್ಪು ಎಷ್ಟು ತಿನ್ನಬೇಕು ಎನ್ನುವುದನ್ನು ಅವರೇ ಚೀಟಿಯಲ್ಲಿ ಬರೆದುಕೊಟ್ಟರು. ನಾನು ಬಾಯಿ ಮುಚ್ಚಿಕೊಂಡು ಅಮ್ಮನನ್ನು ಠಾಣೆಗೆ ಕರೆತಂದೆ.

ಅಮ್ಮ ಬಂದ ಮೇಲೆ ತಂದದ್ದು ಕೋರಲ್ ಬ್ಯೂಟಿ. ಬೆರಳುದ್ದದ ಪುಟ್ಟ ಏಂಜೆಲ್ ಮೀನು, ಹೊಟ್ಟೆಯ ಭಾಗ ಕೆಂಡದ ಬಣ್ಣ, ಬೆನ್ನು ರೆಕ್ಕೆ ಎಲ್ಲ ನೇರಳೆ. ಈ ಸಲ ನೇರ ದೊಡ್ಡ ಟ್ಯಾಂಕಿಗೆ ಬಿಡಲಿಲ್ಲ. ಹಾಲಿನ ಮೂಲೆಯಲ್ಲಿ 50 ಲೀಟರಿನ ಬೇರೆ ತೊಟ್ಟಿಯಲ್ಲಿಟ್ಟೆ. ಎಂಟನೆಯ ದಿನ ಅದು ಒಳಗಿಟ್ಟಿದ್ದ ಪಿವಿಸಿ ಪೈಪಿಗೆ ಮೈ ಉಜ್ಜಲು ಶುರುಮಾಡಿತು. ತಲೆ ಕೊಡವುವುದು, ರೆಕ್ಕೆ ಮುದುಡಿಕೊಂಡು ನಿಲ್ಲುವುದು. ಒಂದು ಕಣ್ಣಿಗೆ ಹಾಲಿನಂಥ ಪೊರೆ. ಬಟರ್‌ಫ್ಲೈನಲ್ಲೂ ಹೀಗೇ ಆಗಿತ್ತು.

ಎಲ್ಲ ಕಾಯಿಲೆಗೂ ಸಿಹಿನೀರು ಮದ್ದಲ್ಲ. ಕಡಲ ಮೀನುಗಳಿಗೆ ಬರುವ ಬಿಳಿಚುಕ್ಕೆ ರೋಗದ ಜೀವಿ ಚರ್ಮದ ಮೇಲ್ಪದರದ ಅಡಿಯಲ್ಲಿ ಹುದುಗಿಕೊಂಡಿರುತ್ತದೆ, ಅಲ್ಲಿಗೆ ಈ ನೀರು ತಲಪುವುದಿಲ್ಲ. ಸುಮ್ಮನೆ ಮೀನಿಗೆ ಹಿಂಸೆ. ಸೀಗಡಿ, ನಕ್ಷತ್ರಮೀನು, ಹವಳ ಇವುಗಳ ದೇಹದ ಉಪ್ಪು ಹೆಚ್ಚುಕಡಿಮೆ ಸಮುದ್ರದಷ್ಟೇ ಇರುವುದರಿಂದ ಅವಕ್ಕೆ ಇದು ಮರಣದಂಡನೆ. ಫ್ಲೂಕಿನ ಗುಮಾನಿ ಇದ್ದಾಗ ಮಾತ್ರ, ಮೀನಿಗೆ ಇನ್ನೂ ಶಕ್ತಿ ಇರುವಾಗ ಮಾತ್ರ. ಉದುರಿದರೆ ಹುಳ ಇತ್ತು ಅಂತ ಗೊತ್ತಾಗುತ್ತದೆ. ಅರ್ಧ ಚಿಕಿತ್ಸೆ, ಅರ್ಧ ಪರೀಕ್ಷೆ.

ಶನಿವಾರ ಬೆಳಗ್ಗೆ ಕೂತೆ. ಹತ್ತು ಲೀಟರ್ ಹಿಡಿಯುವ ಕಪ್ಪು ಪ್ಲಾಸ್ಟಿಕ್ ಟಬ್ ತಂದಿದ್ದೆ. ಕಪ್ಪು ತಳದ ಮೇಲೆ ಬಿಳಿ ಹುಳ ಚೆನ್ನಾಗಿ ಕಾಣುತ್ತದೆ. ಅದಕ್ಕೆ ಆರ್‌ಒ ನೀರು. ಏರ್ ಪಂಪಿನ ಕಲ್ಲು ಇಳಿಬಿಟ್ಟು ಒಂದು ಗಂಟೆ ಗುಳುಗುಳು ಅನ್ನಿಸಿದೆ. ಬಿಸಿನೀರು ಬೆರೆಸುವ ಗೋಜಿಗೆ ಹೋಗದೆ ಪುಟ್ಟ ಹೀಟರ್ ಹಾಕಿ 26 ಡಿಗ್ರಿಗೆ ತಂದೆ. ಎರಡು ಕಡೆಯ ನೀರನ್ನೂ ಒಂದೇ ಥರ್ಮಾಮೀಟರಿನಲ್ಲಿ ನೋಡಬೇಕು, ಎರಡು ಬೇರೆ ಬೇರೆ ಥರ್ಮಾಮೀಟರುಗಳನ್ನು ನಂಬಬಾರದು.

ಪಿಎಚ್ ಮಾತ್ರ ಸತಾಯಿಸಿತು. ಮೀನಿನ ತೊಟ್ಟಿಯದ್ದು 8.2. ಆರ್‌ಒ ನೀರು ಏಳಕ್ಕಿಂತ ಕೆಳಗೆ. ಅಡುಗೆಮನೆಯಿಂದ ಸೋಡಾ ಡಬ್ಬಿ ತಂದೆ. ಅಡುಗೆ ಸೋಡಾ, ಕೇಕಿನ ಬೇಕಿಂಗ್ ಪೌಡರ್ ಅಲ್ಲ. ಅದರಲ್ಲಿ ಆಮ್ಲವನ್ನೂ ಬೆರೆಸಿರುತ್ತಾರೆ. ಚಿಟಿಕೆ ಹಾಕುವುದು, ಕರಗಿಸುವುದು, ಸ್ವಲ್ಪ ಹೊತ್ತು ಗಾಳಿ ಹಾಯಲು ಬಿಡುವುದು, ಕೊಳವೆಯಲ್ಲಿ ಹನಿ ಹಾಕಿ ಬಣ್ಣ ನೋಡುವುದು. ಅಮ್ಮ ಕಡಲೆ ನೆನೆಹಾಕಲು ಡಬ್ಬಿ ಹುಡುಕಿಕೊಂಡು ಬಂದಳು. "ಮೀನಿಗೂ ಸೋಡಾ ಹಾಕ್ತ್ರಾ?" ಅಂತ ಪಕ್ಕದಲ್ಲೇ ಸ್ಟೂಲ್ ಎಳೆದುಕೊಂಡು ಕೂತಳು.

ಏನು ಮಾಡುತ್ತಿದ್ದೇನೆಂದು ವಿವರಿಸಿದೆ. ಅರ್ಥವಾಗದೇನೋ ಅಂದುಕೊಂಡಿದ್ದೆ. ಅಮ್ಮ ಅರ್ಧಕ್ಕೇ ತಡೆದಳು. "ಹೊಳಿ ನೀರಲ್ ದೋಣಿ ಕಟ್ಟಿದಾಂಗೆ ಅಲ್ದಾ?" ಅಜ್ಜ, ಅಂದರೆ ಅಮ್ಮನ ಅಪ್ಪ, ಮಚ್ವೆಯಲ್ಲಿ ಹಂಚು ಸಾಗಿಸುತ್ತಿದ್ದವರು. ಕಡಲಿನಲ್ಲಿ ಓಡಾಡುವ ಮರದ ದೋಣಿಗೆ ಕೊರೆಯುವ ಹುಳ ಹತ್ತುತ್ತದೆ. ಹೊರಗಿನಿಂದ ನೋಡಿದರೆ ಹಲಗೆ ಗಟ್ಟಿ, ಒಳಗೆಲ್ಲ ಜರಡಿ. ಮಳೆಗಾಲದಲ್ಲಿ ದೋಣಿಯನ್ನು ಹೊಳೆಯಲ್ಲಿ ಮೇಲಕ್ಕೆ, ಉಪ್ಪು ಏರದ ಕಡೆಗೆ ಒಯ್ದು ಕೆಲವು ವಾರ ಕಟ್ಟಿದರೆ ಹುಳ ಸಾಯುತ್ತದೆ ಎಂದು ಅಜ್ಜ ಹೇಳುತ್ತಿದ್ದರಂತೆ. ಪಂಚಗಂಗಾವಳಿಯಲ್ಲಿ ಐದು ಹೊಳೆಯ ನೆರೆ ಬಂದಾಗ ಅಳಿವೆಯ ನೀರೇ ಕುಡಿಯುವಷ್ಟು ಸಪ್ಪೆಯಾಗುತ್ತಿತ್ತು ಅಂದಳು. ನಾನು ಮೊಬೈಲಿನಲ್ಲಿ ವಾರಗಟ್ಟಲೆ ಓದಿದ್ದು ಅವಳ ಬಾಲ್ಯದ ಮನೆಮಾತು.

ಸ್ಟಾಪ್‌ವಾಚನ್ನು ಅಮ್ಮನ ಕೈಗೆ ಕೊಟ್ಟೆ. ಅರ್ಧರ್ಧ ನಿಮಿಷಕ್ಕೆ ಕೂಗಿ ಹೇಳು ಅಂದೆ.

ಏಂಜೆಲ್ ಮೀನುಗಳ ಕೆನ್ನೆಯಲ್ಲಿ ಒಂದು ಮುಳ್ಳಿರುತ್ತದೆ, ಬಲೆ ಹಾಕಿದರೆ ಅದಕ್ಕೆ ಸಿಕ್ಕಿಕೊಂಡು ಒದ್ದಾಡುತ್ತವೆ. ಪ್ಲಾಸ್ಟಿಕ್ ಜಗ್ಗಿನಲ್ಲಿ ಹಿಡಿದು, ಉಪ್ಪುನೀರನ್ನು ಆದಷ್ಟು ಬಸಿದು, ಟಬ್ಬಿಗೆ ಇಳಿಸಿದೆ. ಒಂದು ಸುತ್ತು ರಭಸದಿಂದ ಓಡಿತು, ನೀರು ನನ್ನ ಮುಖಕ್ಕೆ ಹಾರಿತು. "ಅರ್ಧ" ಅಂದಳು ಅಮ್ಮ. ಮೀನು ತಳಕ್ಕೆ ಹೋಗಿ ಒಂದು ಮಗ್ಗುಲಿಗೆ ವಾಲಿತು.

ಇಲ್ಲಿಯೇ ಹೋದ ಸಲ ನಾನು ಎಡವಿದ್ದು. ವಾಲುವುದು ಸಹಜ, ಬಹಳ ಮೀನುಗಳು ಹಾಗೆ ಮಲಗುತ್ತವೆ ಎಂದು ಓದಿದ್ದೆ. ಹಾಗಾಗಿ ಸಾಯುವುದನ್ನೂ ಮಲಗುವುದೆಂದೇ ನೋಡಿದ್ದೆ. ಈ ಸಲ ಗಡಿಯಾರ ನೋಡುವ ಕೆಲಸ ಬೇರೆಯವರದ್ದಾಗಿದ್ದರಿಂದ ನನ್ನ ಕಣ್ಣು ಕಿವಿರಿನ ಮೇಲೇ ಇತ್ತು. ಆಡುತ್ತಿದೆಯೇ, ಒಂದೇ ಲಯದಲ್ಲಿದೆಯೇ. ಬೆರಳು ಹತ್ತಿರ ತಂದರೆ ಕಣ್ಣು ಹೊರಳುತ್ತದೆಯೇ. ಕಿವಿರು ತಡವರಿಸಿದರೆ, ಮುಟ್ಟಿದರೂ ಅಲುಗದಿದ್ದರೆ, ಎಷ್ಟೇ ಸೆಕೆಂಡ್ ಆಗಿರಲಿ ತೆಗೆದು ಉಪ್ಪುನೀರಿಗೆ ಹಾಕಿಬಿಡುವುದು ಎಂದು ಮೊದಲೇ ನಿರ್ಧರಿಸಿದ್ದೆ. ಪಕ್ಕದಲ್ಲಿ ಹೊಸ ಉಪ್ಪುನೀರಿನ ಇನ್ನೊಂದು ತೊಟ್ಟಿ ಸಿದ್ಧವಿತ್ತು.

"ಎರಡು." ಕಣ್ಣಿನ ಮೇಲೆ ಒಂದು ಬಿಳಿ ಚುಕ್ಕೆ ಮೂಡಿತು. ನೋಡುತ್ತಿದ್ದಂತೆ ದಪ್ಪವಾಯಿತು. ಆಮೇಲೆ ಬೆನ್ನಿನ ಮೇಲೆ ಒಂದು, ಬಾಲದ ಬುಡದಲ್ಲಿ ಎರಡು. ಏನೂ ಇಲ್ಲದ ಕಡೆ ಎಲ್ಲಿಂದಲೋ ಎದ್ದು ಬಂದ ಹಾಗೆ. "ಎರಡೂವರೆ" ಎನ್ನುವ ಹೊತ್ತಿಗೆ ಮೊದಲನೆಯದು ಕಳಚಿ ಕಪ್ಪು ತಳಕ್ಕೆ ಬಿತ್ತು. ಅಮ್ಮ ಗಡಿಯಾರ ಮರೆತು ಹುಳ ಎಣಿಸಲು ಶುರುಮಾಡಿದಳು. "ಏಳ್, ಎಂಟ್… ಅಯ್ಯ, ಎಷ್ಟ್ ಇತ್ ಮಾರಾಯಾ!" ಅಮ್ಮ, ಟೈಮು! "ಮೂರೂವರೆ ಆಯ್ತ್."

ನಾಲ್ಕು ನಿಮಿಷ ಹತ್ತು ಸೆಕೆಂಡಿಗೆ ಕಿವಿರಿನ ಲಯದಲ್ಲಿ ಏನೋ ವ್ಯತ್ಯಾಸ ಕಂಡಿತು, ಅಥವಾ ಕಂಡಂತೆ ಭಾಸವಾಯಿತು. ನಾನು ಅನುಮಾನಿಸುತ್ತಿದ್ದಾಗ ಅಮ್ಮನೇ ಅಂದಳು, "ಸಾಕ್, ತೆಗಿ." ತೆಗೆದೆ. ಐದು ಆಗಿರಲಿಲ್ಲ.

ಮೆಲ್ಲಗೆ ಉಪ್ಪು ಇಳಿಸಬಾರದಾ, ನನಗೆ ಮಾಡಿದ ಹಾಗೆ ನಿಧಾನಕ್ಕೆ, ಅಂತ ಅಮ್ಮ ಆಮೇಲೆ ಕೇಳಿದಳು. ಒಳ್ಳೆಯ ಪ್ರಶ್ನೆ. ನಿಧಾನ ಮಾಡಿದರೆ ಮೀನಿನಂತೆ ಹುಳವೂ ಸುಧಾರಿಸಿಕೊಳ್ಳುತ್ತದೆ. ಇಲ್ಲಿ ಆ ಹೊಡೆತವೇ ಮದ್ದು. ವಾಪಸು ಉಪ್ಪಿಗೆ ಬಿಡುವಾಗಲೂ ಕಾಯುವಂತಿಲ್ಲ, ನೇರ ಬಿಡುವುದೇ. ಕೆಲವೇ ನಿಮಿಷದಲ್ಲಿ ಮೀನಿನ ರಕ್ತ ಅಷ್ಟೇನೂ ಬದಲಾಗಿರುವುದಿಲ್ಲ. ಅಮ್ಮನ ರಕ್ತ ತಿಂಗಳುಗಟ್ಟಲೆ ಇಳಿದಿತ್ತು, ನಾನು ಫೋನಿನಲ್ಲಿ ಇಳಿಸುತ್ತಿದ್ದೆ. ಇದನ್ನು ಅವಳಿಗೆ ಹೇಳಲಿಲ್ಲ.

ಹೊಸ ತೊಟ್ಟಿಯಲ್ಲಿ ಕೋರಲ್ ಬ್ಯೂಟಿ ಮೂಲೆಗೆ ಒರಗಿ ನಿಂತಿತ್ತು. ಅರ್ಧ ಗಂಟೆ ಹಾಗೇ. ದೀಪ ಆರಿಸಿ, ಬಟ್ಟೆ ಮುಚ್ಚಿ, ಇಬ್ಬರೂ ಹೊರಗೆ ಬಂದೆವು. ಟಬ್ಬಿನ ನೀರನ್ನು ಚರಂಡಿಗೆ ಚೆಲ್ಲುವ ಮುನ್ನ ಎಣಿಸಿದೆ, ಹದಿನಾಲ್ಕು ಹುಳ. ಅಮ್ಮನ ಪ್ರಕಾರ ಹದಿನಾರು.

ಸಿಹಿನೀರಿನಿಂದ ಎಲ್ಲ ಮುಗಿಯುವುದಿಲ್ಲ. ಕಿವಿರಿನ ಸಂದಿಯಲ್ಲಿ ಒಂದೆರಡು ಉಳಿದಿರುತ್ತವೆ, ಮೊಟ್ಟೆಗಳಿಗೆ ಏನೂ ಆಗಿರುವುದಿಲ್ಲ. ಹಾಗಾಗಿ ಹಳೆಯ ತೊಟ್ಟಿ, ಪೈಪು, ಜಗ್ಗು ಎಲ್ಲವನ್ನೂ ತೊಳೆದು ಬಿಸಿಲಿಗೆ ಒಣಗಿಸಿದೆ. ಹೊಸ ತೊಟ್ಟಿಗೆ ಪ್ರಾಜಿಕ್ವಾಂಟೆಲ್, ಲೀಟರಿಗೆ ಸುಮಾರು 2.5 ಮಿಲಿಗ್ರಾಂ ಲೆಕ್ಕದಲ್ಲಿ, ಜೊತೆಗೆ ಜೋರಾಗಿ ಗಾಳಿ. ಮೊಟ್ಟೆಯೊಡೆದು ಬರುವ ಮರಿಗಳಿಗಾಗಿ ಒಂದು ವಾರ ಬಿಟ್ಟು ಇನ್ನೊಂದು ಸಲ. ಮೂರನೆಯ ದಿನ ಕಣ್ಣಿನ ಪೊರೆ ತಿಳಿಯಾಯಿತು. ನಾಲ್ಕನೆಯ ದಿನ ನೆನೆಸಿ ಮೆತ್ತಗೆ ಮಾಡಿದ ನೋರಿಯನ್ನು, ಅಂದರೆ ಸುಶಿಗೆ ಸುತ್ತುವ ಕಡಲಪಾಚಿಯ ಹಾಳೆಯನ್ನು, ಕಿತ್ತು ತಿಂದಿತು. ಅಮ್ಮ ಫೋನಿನಲ್ಲಿ ಊರಿಗೆಲ್ಲ ಸುದ್ದಿ ಕೊಟ್ಟಳು.

ಅದು ಈಗ ದೊಡ್ಡ ಟ್ಯಾಂಕಿನಲ್ಲಿದೆ. ಅದರ ಜೊತೆಗಿರುವ ಎರಡು ಕ್ಲೌನ್ ಮೀನು ಹ್ಯಾಚರಿಯಲ್ಲಿ ಹುಟ್ಟಿದವು. ನಮ್ಮ ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರೇ ಅವುಗಳನ್ನು ತೊಟ್ಟಿಯಲ್ಲಿ ಮರಿ ಮಾಡಿಸುವುದನ್ನು ಕಲಿಸಿಕೊಟ್ಟಿದ್ದಾರೆ. ಕೋರಲ್ ಬ್ಯೂಟಿ ಹಾಗಲ್ಲ, ಯಾವುದೋ ದಿಬ್ಬದಿಂದ ಹಿಡಿದು ತಂದದ್ದು. ಇನ್ನು ಮುಂದೆ ಅಂಥದ್ದನ್ನು ಕೊಳ್ಳುವುದು ಬೇಡ ಎಂದುಕೊಂಡಿದ್ದೇನೆ. ಬಟರ್‌ಫ್ಲೈ ಬಗ್ಗೆ ಇನ್ನೂ ಅದೇ ನಾಚಿಕೆ ಇದೆ.

ಅಮ್ಮ ದೀಪಾವಳಿಗೆ ಮುಂಚೆ ಮತ್ಸ್ಯಗಂಧದಲ್ಲಿ ಊರಿಗೆ ಹೋದಳು. ತಡೆದರೂ ನಿಲ್ಲಲಿಲ್ಲ, ಮನೆ ಬೀಗ ಹಾಕಿ ಎಷ್ಟು ದಿನ ಇಡುವುದು ಅಂತ. ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಮಾಡಿಸಬೇಕೆಂದು ಒಪ್ಪಿಸಿ ಕಳಿಸಿದೆ. ಪಕ್ಕದ ಮನೆಯ ಹುಡುಗ ರಿಪೋರ್ಟಿನ ಫೋಟೋ ಕಳಿಸುತ್ತಾನೆ. ಕಳೆದ ಸಲ 136 ಇತ್ತು. ಉಪ್ಪಿನ ಬಗ್ಗೆ ನಾನು ಏನೂ ಹೇಳುವುದಿಲ್ಲ, ಏನು ಉಂಡೆ ಅಂತ ಕೇಳುತ್ತೇನೆ. ಉತ್ತರ ಪೂರ್ತಿ ಕೇಳಿಸಿಕೊಳ್ಳುತ್ತೇನೆ, ಅದಕ್ಕೆ ಹತ್ತು ನಿಮಿಷ ಬೇಕು.

ಹೋದ ವಾರ ಕ್ವಾರಂಟೈನ್ ತೊಟ್ಟಿಗೆ ಬಂದ ಗೋಬಿ ಮೀನೊಂದು ಮರಳಿಗೆ ಮೈ ಉಜ್ಜುತ್ತಿತ್ತು. ಸ್ನಾನ ಮಾಡಿಸಲೋ ಬೇಡವೋ ಎಂದು ಎರಡು ದಿನ ನೋಡುತ್ತಾ ಕೂತೆ. ಅಮ್ಮನಿಗೆ ಹೇಳಿದಾಗ ಅವಳ ಮೊದಲ ಮಾತು, "ಸೋಡಾ ಇತ್ತಾ ಕಾಣ್." ಅಡುಗೆಮನೆಗೆ ಹೋಗಿ ನೋಡಿದೆ. ಡಬ್ಬಿ ಖಾಲಿ. ಇಲ್ಲಿದ್ದ ನಾಲ್ಕು ತಿಂಗಳಲ್ಲಿ ಅಷ್ಟನ್ನೂ ಕಡಲೆಗೆ ಹಾಕಿ ಮುಗಿಸಿದ್ದಳು.